ಎರೆ ಹೊಲ, ಬಂಡೆ, ಮೋಡ: ಎಂಟು ಚಿತ್ರಗಳ ಸರಣಿಯಲ್ಲಿ ಭಾವ ಹುಟ್ಟುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಕುಂಚ_ಕೊಪ್ಪಳ ಕೇಳಿದ್ದು:

ನಮಸ್ಕಾರ. ಬೇಸಿಗೆ ಕೊನೆಯ ರೋಹಿಣಿ ಮಳೆಯಿಂದ ಚಳಿಗಾಲದ ಎಳ್ಳಮವಾಸ್ಯೆವರೆಗೆ ನಮ್ಮ ಕಡೆಯ ನೆಲ ಹೇಗೆ ಬದಲಾಗುತ್ತದೆ ಎಂಬುದನ್ನು ಎಂಟು ಚಿತ್ರಗಳಲ್ಲಿ ಹಿಡಿಯುವ ಕೆಲಸ ನಡೆದಿದೆ. ಆನೆಗುಂದಿ ಸುತ್ತಲಿನ ಬಂಡೆಗಳು, ಮುನಿರಾಬಾದ್ ಕಡೆಯ ಜಲಾಶಯದ ದಂಡೆ, ಗಂಗಾವತಿಯ ಭತ್ತದ ಗದ್ದೆ, ಸಿಂಧನೂರು–ಮಸ್ಕಿ ದಾರಿಯ ಎರೆ ಹೊಲ, ಸಂಡೂರಿನ ಗುಡ್ಡ ಇದರಲ್ಲಿವೆ. ಎಲ್ಲವೂ ಅಕ್ರಿಲಿಕ್, 20 ಇಂಚು ಅಗಲ, 16 ಇಂಚು ಎತ್ತರದ ಕ್ಯಾನ್ವಾಸ್.

ಬಿಡಿಯಾಗಿ ನೋಡಿದರೆ ಪ್ರತಿ ಚಿತ್ರವೂ ಪರವಾಗಿಲ್ಲ. ಸಾಲಾಗಿ ಇಟ್ಟರೆ ಕ್ಯಾಲೆಂಡರ್ ಹಾಳೆ ತಿರುವಿದ ಹಾಗಿದೆ. ಬೇಸಿಗೆಯ ಚಿತ್ರ ನೋಡಿದರೆ ಗಂಟಲು ಒಣಗಬೇಕು, ಮೊದಲ ಮಳೆಯದನ್ನು ನೋಡಿದರೆ ಎದೆ ಹಗುರಾಗಬೇಕು. ಅದು ಆಗುತ್ತಿಲ್ಲ. ಇನ್ನು ಕೈಕೆಲಸದ ತೊಂದರೆಗಳು: ಹಸಿರು ಪ್ಲಾಸ್ಟಿಕ್ ಹೂವಿನ ಎಲೆಯಂತೆ ಬರುತ್ತದೆ. ಈ ಬಿಸಿಲಿಗೆ ಬಣ್ಣ ತಟ್ಟೆಯಲ್ಲೇ ಒಣಗಿ ಆಕಾಶದಲ್ಲಿ ಪಟ್ಟೆ ಬೀಳುತ್ತದೆ. ಇಲ್ಲಿಯದೇ ಮಣ್ಣನ್ನು ಬಣ್ಣವಾಗಿ ಬಳಸಬೇಕೆಂಬ ಆಸೆಯಿಂದ ಎರೆಮಣ್ಣು ಅರೆದು ಹಚ್ಚಿದರೆ ಒಣಗಿದ ಮೇಲೆ ಬಿರುಕು ಬಿಟ್ಟು ಹಕ್ಕಳೆ ಏಳುತ್ತಿದೆ. ಗೊತ್ತಿದ್ದವರು ವಿವರವಾಗಿ ತಿಳಿಸಿ.

ನೆರಳು_ಬಳ್ಳಾರಿ:

ಎಂಟನ್ನೂ ಮೊಬೈಲಿನಲ್ಲಿ ಫೋಟೊ ತೆಗೆದು, ಕಪ್ಪು-ಬಿಳುಪು ಮಾಡಿ, ಒಂದೇ ಪರದೆಯಲ್ಲಿ ಜೋಡಿಸಿ ನೋಡಿ. ಎಂಟೂ ಒಂದೇ ಬೂದಿಯ ಮುದ್ದೆಯಾಗಿ ಕಂಡರೆ ತಪ್ಪು ಅಲ್ಲೇ ಇದೆ. ಕಣ್ಣು ಬಣ್ಣಕ್ಕಿಂತ ಮೊದಲು ಓದುವುದು ಬೆಳಕು–ಕತ್ತಲೆಯ ಅಂತರವನ್ನು. ಅದು ಬದಲಾಗದೆ ಬರೀ ಬಣ್ಣ ಬದಲಾದರೆ ಋತು ಬದಲಾಯಿತೆಂದು ತಲೆಗೆ ತಿಳಿಯುತ್ತದೆ, ಒಳಗೆ ಏನೂ ಅಲುಗುವುದಿಲ್ಲ.

ಕಪ್ಪಿಗೆ 1, ಬಿಳಿಗೆ 10 ಎಂದು ಹತ್ತು ಹಂತದ ಪಟ್ಟಿಯೊಂದನ್ನು ರಟ್ಟಿನ ಮೇಲೆ ಬರೆದುಕೊಳ್ಳಿ. ಆಮೇಲೆ ಪ್ರತಿ ಚಿತ್ರಕ್ಕೆ ಅದರಲ್ಲೊಂದು ತುಂಡನ್ನು ಮಾತ್ರ ಕೊಡಿ. ರೋಹಿಣಿಯ ಮಧ್ಯಾಹ್ನಕ್ಕೆ 6ರಿಂದ 10. ಬಂಡೆಯ ಬುಡದ ನೆರಳು ಕೂಡ 6ಕ್ಕಿಂತ ಕೆಳಗೆ ಇಳಿಯಬಾರದು. ಬಿರುಬಿಸಿಲಿನಲ್ಲಿ ನೆಲದ ಝಳ ಮೇಲೆ ಚಿಮ್ಮಿ ನೆರಳಿನೊಳಗೂ ಬೆಳಕು ತುಂಬಿರುತ್ತದೆ. ಆನೆಗುಂದಿಯ ಗುಂಡುಗಲ್ಲಿನ ಕೆಳಹೊಟ್ಟೆ ನೋಡಿ: ಮೇಲಿಂದ ಆಕಾಶದ ತಂಪು, ಕೆಳಗಿಂದ ನೆಲದ ಕಾವಿ. ಅಲ್ಲಿ ಕಪ್ಪು ತುಂಬಿದ ಕೂಡಲೇ ಬಿಸಿಲು ಸತ್ತು ಸಂಜೆಯಾಗುತ್ತದೆ. ಹೆಚ್ಚಿನವರು ಕಪ್ಪು ತುಂಬುವುದಕ್ಕೆ ಕಾರಣ ಫೋಟೊ ನೋಡಿ ಬರೆಯುವುದು. ಕ್ಯಾಮೆರಾ ನೆರಳನ್ನು ಕಪ್ಪಾಗಿಸಿ ಆಕಾಶವನ್ನು ಬಿಳಿಯಾಗಿಸುತ್ತದೆ. ಜಾಗದಲ್ಲೇ ನಿಂತು ಹಂತದ ಸಂಖ್ಯೆ ಬರೆದುಕೊಂಡು ಬನ್ನಿ. 20 ನಿಮಿಷದೊಳಗೆ ಮುಗಿಸಿ, ಅಷ್ಟರಲ್ಲಿ ನೆರಳು ಸರಿದಿರುತ್ತದೆ.

ಮೃಗಶಿರ ಮಳೆಯ ಮೋಡಕ್ಕೆ 2ರಿಂದ 6, ಜೊತೆಗೆ ಒಂದೇ ಒಂದು ಬೆಳಕಿನ ಸೀಳು 8 ಅಥವಾ 9. ಆರಿದ್ರೆಯ ಸುರಿಮಳೆಗೆ 4ರಿಂದ 7. ಎಲ್ಲ ಅಂಚುಗಳೂ ಮೆತ್ತಗೆ, ಗುಡ್ಡ ಎಲ್ಲಿ ಮುಗಿದು ಮೋಡ ಎಲ್ಲಿ ಶುರು ಎಂದು ತಿಳಿಯಬಾರದು. ಹಸ್ತ, ಚಿತ್ತೆ ಮಳೆ ಮುಗಿದ ಅಕ್ಟೋಬರಿನ ಚಿತ್ರಕ್ಕೆ ಮಾತ್ರ 1ರಿಂದ 10 ಪೂರ್ತಿ ಕೊಡಿ, ಅಂಚುಗಳು ಚೂಪಾಗಿರಲಿ. ತೊಳೆದ ಗಾಳಿಯಲ್ಲಿ ದೂರದ ಬಂಡೆಯ ಸೀಳೂ ಎಣಿಸುವಂತೆ ಕಾಣುತ್ತದಲ್ಲ, ಆ ನಿರಾಳ ಬರುವುದು ಹಾಗೆ. ಐದು ಚಿತ್ರ ಉಸಿರು ಹಿಡಿದು ಆರನೆಯದರಲ್ಲಿ ಬಿಡಬೇಕು. ಎಂಟಕ್ಕೂ ಪೂರ್ತಿ ಹಂತ ಕೊಟ್ಟಿದ್ದರೆ ಬಿಡುವುದಕ್ಕೆ ಉಸಿರೇ ಉಳಿದಿರುವುದಿಲ್ಲ.

ಎರಡನೆಯದು ದಿಗಂತದ ಗೆರೆ. ಎಂಟರಲ್ಲೂ ಅದು ನಡುವಿಗೆ ಬಂದಿರಬಹುದೆಂದು ನನ್ನ ಅನುಮಾನ. ರೋಹಿಣಿಯಲ್ಲಿ ಕೆಳಗಿನಿಂದ 13 ಇಂಚಿಗೆ ಏರಿಸಿ, ನೆಲವೇ ನೆಲ ಕಾಣಲಿ. ಮೃಗಶಿರದಲ್ಲಿ 3 ಇಂಚಿಗೆ ಇಳಿಸಿ, ಮೋಡದ ಭಾರ ತಲೆಯ ಮೇಲೆ ಬರಲಿ. ಇಷ್ಟು ಬದಲಾಗುವಾಗ ಬದಲಾಗದ ಒಂದು ವಸ್ತು ಬೇಕು: ಒಂದು ಬಳ್ಳಾರಿ ಜಾಲಿ, ಇಲ್ಲವೇ ಹೊಲದ ಬದುವಿನ ಒಂದು ಕಲ್ಲು. ಎಂಟರಲ್ಲೂ ಅದೇ ಇರಲಿ, ಗಾತ್ರ ಒಂದೂವರೆ ಇಂಚು ಮೀರದಿರಲಿ. ನೋಡುವವರು ಅದನ್ನು ಹುಡುಕುತ್ತಾರೆ, ಸಿಕ್ಕಾಗ ಹಿಂದಿನದಕ್ಕೆ ಹೋಲಿಸುತ್ತಾರೆ. ಆ ಹೋಲಿಕೆಯಿಂದಲೇ ಎಂಟು ಬಿಡಿ ಚಿತ್ರ ಸರಣಿಯಾಗುತ್ತವೆ.

ಕ್ಯಾನ್ವಾಸ್ ಮುಟ್ಟುವ ಮೊದಲು 2 × 2.5 ಇಂಚಿನ ಚೌಕಗಳಲ್ಲಿ ಮೂರೇ ಹಂತ ಬಳಸಿ, ಚಿತ್ರಕ್ಕೆ ಐದರಂತೆ ನಲವತ್ತು ಗೀಚುಗಳನ್ನು ಮಾಡಿ. ಗೋಡೆಗೆ ಅಂಟಿಸಿ, ಎಂಟನ್ನೂ ಒಟ್ಟಿಗೇ ಆರಿಸಿ. ಒಂದೊಂದಾಗಿ ಆರಿಸಿದರೆ ಎಂಟು ಚೆಂದದ, ಒಂದೇ ತರಹದ ಚಿತ್ರಗಳು ಸಿಗುತ್ತವೆ.

ಎರೆಮಣ್ಣು_ರಾಯಚೂರು:

ಬೆಳಕಿನ ಮಾತು ಮೇಲಿನವ್ರು ಸರಿಯಾಗಿ ಹೇಳ್ಯಾರ. ನಾ ಬಣ್ಣ ಮತ್ತ ಮಣ್ಣಿಂದು ಹೇಳ್ತೀನಿ.

ಹಸಿರು ಟ್ಯೂಬ್ ಎಲ್ಲಾ ತಗದು ಬಾಜೂಕ ಇಡ್ರಿ. ಐದ ಬಣ್ಣ ಸಾಕು: ಟೈಟಾನಿಯಂ ಬಿಳಿ, ಎಲ್ಲೋ ಆಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಾಮರೀನ್ ನೀಲಿ, ಲೆಮನ್ ಎಲ್ಲೋ. ಐದ ಬಣ್ಣದಾಗ ಎಂಟೂ ಮಾಡಿದ್ರ ಅವು ಒಂದ ಮನಿ ಮಕ್ಕಳ ಹಂಗ ಕಾಣ್ತಾವ. ಭತ್ತದ ಹಸಿರಿಗೆ ಲೆಮನ್ ಎರಡು ಪಾಲು, ಅಲ್ಟ್ರಾಮರೀನ್ ಅರ್ಧ ಪಾಲು, ಅದಕ್ಕ ಬ್ರಷ್ ತುದೀಲೆ ಚೂರು ಸಿಯೆನ್ನಾ. ಆ ಚೂರು ಕೆಂಪಿಲ್ಲಂದ್ರ ಪ್ಲಾಸ್ಟಿಕ್ ಆಗೋದು ಖರೆ. ಜಾಲಿ ಹಸಿರು ಬ್ಯಾರೆ, ಅದು ಧೂಳ ಕುಡದ ಹಸಿರು: ಆಕರ್ ಎರಡು, ಅಲ್ಟ್ರಾಮರೀನ್ ಒಂದು, ಬಿಳಿ ಒಂದು. ಇದರ ಜೋಡಿ ಇನ್ನೊಂದು ಮಾಡ್ರಿ. ಜೆಸ್ಸೊ (ಅಡಿಗೆ ಹಚ್ಚೂ ಬಿಳಿ ಅಸ್ತರು) ಒಣಗಿದ ಮ್ಯಾಲ ಕ್ಯಾನ್ವಾಸಿಗೆ ಪೂರಾ ಸಿಯೆನ್ನಾ ನೀರಾಗಿ ಹಚ್ಚಿ ಒಣಗಸ್ರಿ. ಹಸಿರಿನ ಸಂದೀಲೆ ಆ ಮಸಾರಿ ಬಣ್ಣ ಅಲ್ಲಲ್ಲಿ ಇಣುಕಲಿ. ನಮ್ಮ ಕಡೆ ಹಸಿರು ಯಾವತ್ತೂ ನೆಲ ಮುಚ್ಚಿ ಬೆಳಿಯೂದಿಲ್ಲ, ಗದ್ದಿ ಬಿಟ್ರ.

ದೂರದ ಗುಡ್ಡಕ್ಕ ನೀಲಿ ಹಚ್ಚಬೇಕಂತ ಎಲ್ಲಾ ಕಡೆ ಕಲಸ್ತಾರ. ಅಕ್ಟೋಬರಿಗೆ ಅದು ಸರಿ. ಮೇ ತಿಂಗಳಿಗೆ ತಪ್ಪು. ಗಾಳ್ಯಾಗ ಧೂಳ ತುಂಬಿರ್ತದ, ಧೂಳಿನ ಕಣ ದಪ್ಪ, ಅದು ನೀಲಿ ಬೆಳಕೊಂದನ್ನ ಆರಿಸಿ ಚೆದರಸೂದಿಲ್ಲ, ಎಲ್ಲಾ ಬೆಳಕೂ ಚೆದರಸ್ತದ. ಅದಕ್ಕ ಸಂಡೂರಿನ ಗುಡ್ಡ ಬ್ಯಾಸಿಗ್ಯಾಗ ದೂರದಿಂದ ಮಾಸಲು ಗುಲಾಬಿ ಕಾಣ್ತದ. ಬಿಳಿ ಆರು ಪಾಲು, ಆಕರ್ ಒಂದು, ಸಿಯೆನ್ನಾ ಒಂದು, ನೀಲಿ ಕಾಲು ಪಾಲು. ಇದೊಂದು ಬಣ್ಣ ಸರಿ ಬಿತ್ತಂದ್ರ ಗಂಟಲು ತಾನ ಒಣಗ್ತದ.

ಇನ್ನ ಮಣ್ಣು. ಕೆಂಪು ಮಸಾರಿ ಮಣ್ಣು ಒಳ್ಳೆ ಬಣ್ಣ ಕೊಡ್ತದ, ಯಾಕಂದ್ರ ಅದರಾಗಿರೂದು ಕಬ್ಬಿಣದ ಆಕ್ಸೈಡ್. ಗಂಗಾವತಿ ಕಡೆ ಹಿರೇಬೆಣಕಲ್ಲಿನ ಬಂಡಿಗಲ್ಲಿನ ಮ್ಯಾಲಿನ ಆ ಹಳೇ ಕಾವಿ ಚಿತ್ರ ಇನ್ನೂ ಉಳದಾವಲ್ಲ, ಕಾರಣ ಅದ. ಬಿಸಿಲಿಗೆ ಮಾಸೂದಿಲ್ಲ. ಅರಿಶಿಣ ಬಳಸಬ್ಯಾಡ್ರಿ, ಅದು ಬೆಳಕಿಗೆ ಬ್ಯಾಗನ ಹಾರಿ ಹೋಗ್ತದ. ಮತ್ತ ಹಿರೇಬೆಣಕಲ್, ಮಸ್ಕಿಯಂಥಾ ಪುರಾತನ ಜಾಗದಾಗ ಒಂದು ಚಮಚ ಮಣ್ಣೂ ಕೆದರಬ್ಯಾಡ್ರಿ. ಹೊಲದ ಬದುವಿಂದ ತರ್ರಿ.

ಮ್ಯಾಲಿನ ನಾಲ್ಕು ಇಂಚು ಬಿಟ್ಟು ಕೆಳಗಿನ ಮಣ್ಣು ಅರ್ಧ ಕಿಲೋ. ಒಣಗಿಸಿ ಕುಟ್ಟಿ, ಜರಡಿ ಹಿಡದು, ಐದು ಪಟ್ಟು ನೀರಾಗ ಕಲಕ್ರಿ. ಒಂದು ನಿಮಿಷ ಬಿಟ್ರ ಉಸುಕು ತಳಕ್ಕ ಕೂಡ್ತದ, ಮ್ಯಾಲಿನ ಕೆನ್ನೀರು ಬ್ಯಾರೆ ಬಕೀಟಿಗೆ ಬಗ್ಗಸ್ರಿ. ಎರಡು ಸಲ ಹಿಂಗ ಮಾಡ್ರಿ. ರಾತ್ರಿ ಬಿಟ್ಟು ಮುಂಜಾನಿ ತಿಳಿನೀರು ಚೆಲ್ರಿ. ಕಾಲುವೆ ನೀರಿನ ಹೊಲದ್ದಾದ್ರ ಮಣ್ಣು ಸವುಳಿರಬಹುದು, ಇನ್ನೆರಡು ಸಲ ತೊಳಿಬೇಕು. ತೊಳೀಲಿಲ್ಲಂದ್ರ ಚಿತ್ರ ಒಣಗಿದ ಮ್ಯಾಲ ಉಪ್ಪು ಮ್ಯಾಲ ಬಂದು ಬೆಳ್ಳಗ ಹಿಟ್ಟು ಉದುರಿಸಿದಂಗ ಆಗ್ತದ. ಉಳದ ಕೆಸರು ಒಣಗಿಸಿ ನುಣ್ಣಗ ಅರೀರಿ. ಅರಿವಾಗ ಮೂಗಿಗೆ ಮಾಸ್ಕ್ ಇರಲಿ, ಆ ಧೂಳ ಎದಿಗೆ ಒಳ್ಳೇದಲ್ಲ. ಪುಡಿ ಒಂದು ಪಾಲಿಗೆ ಮ್ಯಾಟ್ ಅಕ್ರಿಲಿಕ್ ಮೀಡಿಯಂ (ಬಣ್ಣ, ಹೊಳಪು ಇಲ್ಲದ ಅಂಟು) ಒಂದರಿಂದ ಒಂದೂವರೆ ಪಾಲು. ರಟ್ಟಿಗೆ ಹಚ್ಚಿ ಮರುದಿನ ಬೆರಳಿಂದ ತಿಕ್ಕಿ ನೋಡ್ರಿ. ಬೆರಳಿಗೆ ಪುಡಿ ಹತ್ತಿದ್ರ ಮೀಡಿಯಂ ಕಡಿಮಿ ಆಗ್ಯದ.

ಹಳದಿ ಮಣ್ಣು ಸಿಕ್ರ ಕಬ್ಬಿಣದ ಹಂಚಿನ ಮ್ಯಾಲ ಹುರೀರಿ. ಒಳಗಿನ ನೀರಿನಂಶ ಬಿಟ್ಟು ಕೆಂಪಾಗ್ತದ. ಐದು ಐದು ನಿಮಿಷಕ್ಕೊಂದು ಚಿಟಿಕಿ ತಗದಿಟ್ರ ಹಳದಿಯಿಂದ ಕಾವಿತನಕ ನಾಲ್ಕೈದು ಬಣ್ಣ ಸಿಗ್ತಾವ.

ಎರಿಮಣ್ಣಿನ ಕಥಿ ಬ್ಯಾರೆ. ಅದರ ಜೇಡಿ ನೀರು ಕುಡದು ಉಬ್ಬತದ, ಒಣಗಿದ್ರ ಕುಗ್ಗತದ. ಹೊಲದಾಗ ಕೈ ಹೋಗುವಂಥ ಬಿರುಕು ಬಿಡೂದು ಅದಕ್ಕ, ನಿಮ್ಮ ಕ್ಯಾನ್ವಾಸಿನ ಮ್ಯಾಲ ಬಿಟ್ಟದ್ದೂ ಅದಕ್ಕ. ಹಂಚಿನ ಮ್ಯಾಲ ಹುರದ್ರ ಆ ಗುಣ ಹೋಗೂದಿಲ್ಲ, ಕುಂಬಾರನ ಆವಿಗಿ ಬೇಕು. ಆವಿಗಿಗೆ ಹಾಕಿದ್ರ ಕಪ್ಪೂ ಹೋಗಿ ಇಟ್ಟಂಗಿ ಬಣ್ಣ ಆಗ್ತದ. ಹಂಗಾಗಿ ಕ್ಯಾನ್ವಾಸ್ ಮ್ಯಾಲ ತೆಳ್ಳಗ, ಮಜ್ಜಿಗಿ ಹದಕ್ಕ ಅಷ್ಟ.

ಆದ್ರ ಬಿರುಕ ಬೇಕಂದ್ರ, ರೋಹಿಣಿ ಚಿತ್ರಕ್ಕ ಅದು ಭಾಳ ಚಂದ, ಕ್ಯಾನ್ವಾಸ್ ಬಿಟ್ಟು 12 ಎಂಎಂ ಪ್ಲೈವುಡ್ ತಗೊಳ್ರಿ. ಬಟ್ಟಿ ಅಲುಗ್ತದ, ಹಲಗಿ ಅಲುಗೂದಿಲ್ಲ. ಎರಡು ಕೈ ಜೆಸ್ಸೊ, ಅದರ ಮ್ಯಾಲ ಮಣ್ಣು ಮೂರು ಪಾಲು ಮೀಡಿಯಂ ಎರಡು ಪಾಲು ಕಲಸಿ 3 ಎಂಎಂ ದಪ್ಪ ಬಳೀರಿ. ನೆರಳಾಗ ಮ್ಯಾಲ ಕಾಗದ ಮುಚ್ಚಿ ಒಣಗಸ್ರಿ. ದಪ್ಪ ಇದ್ದಲ್ಲಿ ದೊಡ್ಡ ಬಿರುಕು, ತೆಳು ಇದ್ದಲ್ಲಿ ಸಣ್ಣ ಜಾಳಿಗಿ. ದಿಗಂತದ ಕಡಿಗೆ ತೆಳ್ಳಗ ಮಾಡ್ತಾ ಹೋದ್ರ ದೂರ ತಾನ ಹುಟ್ಟತದ. ಪೂರಾ ಒಣಗಿದ ಮ್ಯಾಲ ಮೀಡಿಯಂ ಒಂದಕ್ಕ ನೀರು ಮೂರು ಕಲಸಿ ಡ್ರಾಪರ್‌ಲೆ ಬಿರುಕಿನಾಗ ಬಿಡ್ರಿ. ಅದು ಒಳಗಿಳದು ಹಕ್ಕಳಿ ಹಿಡಕೊಳ್ತದ.

ಹಿನ್ನೀರು:

ಒಣಗುವ ತೊಂದರೆಗೆ ಮಾತ್ರ ಉತ್ತರ. ಸ್ಟೀಲ್ ತಟ್ಟೆಯಲ್ಲಿ ಒದ್ದೆ ಮಾಡಿದ ಹತ್ತಿ ಬಟ್ಟೆ ಎರಡು ಪದರ, ಮೇಲೆ ಬಟರ್ ಪೇಪರ್, ಅದರ ಮೇಲೆ ಬಣ್ಣ. ಅಡುಗೆಗೆಂದು ಮಾರುವ ಕೆಲವು ಬಟರ್ ಪೇಪರ್‌ಗೆ ಮೇಣ ಅಥವಾ ಸಿಲಿಕೋನ್ ಲೇಪ ಇರುತ್ತದೆ, ತೇವ ಮೇಲೇರುವುದಿಲ್ಲ. ಒಂದು ಹನಿ ನೀರು ಬಿಟ್ಟು ಎರಡು ನಿಮಿಷ ಕಾಯಿರಿ. ಹಿಂಬದಿ ಒದ್ದೆಯಾದರೆ ಆ ಕಾಗದ ಸರಿ.

ಆಕಾಶಕ್ಕೆ ಕೂರುವ ಮೊದಲೇ ಮೂರು ಗುಡ್ಡೆ ಬಣ್ಣ ಕಲಸಿಡಿ: ಮೇಲಿನದು, ನಡುವಿನದು, ದಿಗಂತದ್ದು. ನಿಮ್ಮ ಅಳತೆಗೆ ಗುಡ್ಡೆಗೆ ಎರಡು ದೊಡ್ಡ ಚಮಚ ಬೇಕು. ಪಟ್ಟೆ ಬೀಳುವುದು ಸಾಮಾನ್ಯವಾಗಿ ನಡುವೆ ಬಣ್ಣ ಮುಗಿದು ಮತ್ತೆ ಕಲಸುವ ಹೊತ್ತಿನಲ್ಲಿ. ಕ್ಯಾನ್ವಾಸಿಗೆ ಮೊದಲು ತೆಳುವಾಗಿ ಗ್ಲೇಜಿಂಗ್ ಮೀಡಿಯಂ (ಬಣ್ಣವಿಲ್ಲದ ಪಾರದರ್ಶಕ ದ್ರವ) ಸವರಿ, 2 ಇಂಚಿನ ಚಪ್ಪಟೆ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ನಿಲ್ಲಿಸದೆ ಹೋಗಿ. ಫ್ಯಾನ್ ಬಂದ್ ಮಾಡಿ. ಕೂಲರ್‌ನ ತೇವದ ಗಾಳಿ ಒಳ್ಳೆಯದೇ, ಆದರೆ ನೇರ ಕ್ಯಾನ್ವಾಸಿಗೆ ಬೀಳಬಾರದು. ರಿಟಾರ್ಡರ್ (ಒಣಗುವುದನ್ನು ತಡಮಾಡುವ ದ್ರವ) ಹಾಕಿದರೆ ಬಾಟಲಿ ಮೇಲೆ ಬರೆದ ಪ್ರಮಾಣ ಮೀರಬೇಡಿ; ಮೀರಿದರೆ ಬಣ್ಣ ತಿಂಗಳಾದರೂ ಅಂಟಂಟಾಗಿ ಉಳಿದು ಊರಿನ ಧೂಳನ್ನೆಲ್ಲ ಹಿಡಿಯುತ್ತದೆ. ಬೆಳಿಗ್ಗೆ 6ರಿಂದ ಒಂಬತ್ತೂವರೆ, ಅಷ್ಟೇ ಕೆಲಸದ ಹೊತ್ತು.

ಅಕ್ರಿಲಿಕ್ ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ, ಹಸಿ ಇರುವಾಗ ಅದರೊಳಗಿನ ಅಂಟು ಹಾಲಿನಂತೆ ಬಿಳಿ ಇರುವುದರಿಂದ. ಬೇಸಿಗೆಯ 6–10ರ ಚಿತ್ರದಲ್ಲಿ ಇದು ಬಹಳ ಕಾಡುತ್ತದೆ. ಅರ್ಧ ಹಂತ ತಿಳಿಯಾಗಿ ಕಲಸಿ, ರಟ್ಟಿನ ಮೇಲೆ ಒಣಗಿಸಿ ನೋಡಿದ ಮೇಲೆಯೇ ಹಚ್ಚಿ. ಸ್ಥಳದಲ್ಲಿ ಜಲವರ್ಣದ ಗೀಚು ಮಾಡುವುದಾದರೆ ಬೋರ್ ನೀರು ಬೇಡ, ಗಡಸು ನೀರಿನ ಬಿಳಿ ಕಲೆ ಕಪ್ಪು ವಾಶ್ (ನೀರಾಗಿ ಹರಡಿದ ಬಣ್ಣ) ಮೇಲೆ ಎದ್ದು ಕಾಣುತ್ತದೆ. ಆರ್‌ಒ ನೀರಿಗೆ ಲೋಟಕ್ಕೆ ನಾಲ್ಕು ಹನಿ ಗ್ಲಿಸರಿನ್ ಹಾಕಿದರೆ ವಾಶ್ ಸ್ವಲ್ಪ ಹೊತ್ತು ಹಸಿಯಾಗಿರುತ್ತದೆ.

ಎರೆಮಣ್ಣು ಅವರ ಐದು ಬಣ್ಣಕ್ಕೆ ಒಂದು ತಕರಾರು. ಎರೆ ಹೊಲಕ್ಕೆ ಐವರಿ ಬ್ಲ್ಯಾಕ್ ಬೇಕೇ ಬೇಕು. ಅಲ್ಟ್ರಾಮರೀನ್–ಸಿಯೆನ್ನಾ ಕಪ್ಪು ತೆಳುವಾದಾಗ ನೀಲಿಗೆ ತಿರುಗುತ್ತದೆ. ಒಣ ಎರೆಗೆ ಆ ನೀಲಿ ಇಲ್ಲ, ಅದು ಬೂದಿ ಮಿಶ್ರಿತ ಕಂದು.

ಎರೆಮಣ್ಣು_ರಾಯಚೂರು:

ಒಣ ಎರಿಗೆ ನೀವು ಹೇಳಿದ್ದು ಒಪ್ಪೀನಿ. ಒದ್ದಿ ಎರಿಗೆ ಆ ನೀಲಿನ ಬೇಕು, ಅದು ಆಕಾಶ ತೋರಸ್ತದ. ಎರಡೂ ಇಟ್ಟುಕೊಳ್ರಿ.

ಕುಂಚ_ಕೊಪ್ಪಳ:

ಎಲ್ಲರಿಗೂ ಶರಣು. ಕಪ್ಪು-ಬಿಳುಪು ಪರೀಕ್ಷೆಯಲ್ಲಿ ಎಂಟೂ ನಿಜಕ್ಕೂ ಒಂದೇ ಬೂದಿ. ಗೀಚುಗಳಿಂದ ಮತ್ತೆ ಶುರುವಾಗಿದೆ. ಎರಡು ಅನುಮಾನ: ಮೃಗಶಿರದ ಚಿತ್ರ ಕಪ್ಪು ಮೋಡ, ಮಿಂಚು ಎಲ್ಲ ಇದ್ದೂ ಸಿನಿಮಾ ಪೋಸ್ಟರ್‌ನಂತೆ ಕಾಣುತ್ತದೆ. ಬಿತ್ತುವ ರೈತ, ಎತ್ತು ಇರಬೇಕೋ ಬೇಡವೋ?

ನೆರಳು_ಬಳ್ಳಾರಿ:

ಮಿಂಚು ತೆಗೆಯಿರಿ. ಮೃಗಶಿರದ ದಿಗಿಲು ಇರುವುದು ಮಿಂಚಿನಲ್ಲಿ ಅಲ್ಲ, ತಲೆಕೆಳಗಾದ ಬೆಳಕಿನಲ್ಲಿ. ವರ್ಷವಿಡೀ ಆಕಾಶ ಬೆಳ್ಳಗೆ, ನೆಲ ಕಪ್ಪಗೆ. ಆ ಅರ್ಧ ಗಂಟೆ ಮಾತ್ರ ಆಕಾಶ ನೆಲಕ್ಕಿಂತ ಕಪ್ಪು. ಅದನ್ನಷ್ಟೇ ಹಿಡಿಯಿರಿ.

ಮೋಡಕ್ಕೆ ಅಲ್ಟ್ರಾಮರೀನ್ ಮೂರು, ಸಿಯೆನ್ನಾ ಎರಡು, ಬಿಳಿ ಒಂದು. ಹಂತ 3ಕ್ಕೆ ಬರಬೇಕು. ಒಳಗಿನ ಏರಿಳಿತ ಅರ್ಧ ಹಂತ ಮೀರದಿರಲಿ. ಮೋಡದ ಪ್ರತಿ ಉಬ್ಬಿಗೂ ಬಿಳಿ ಅಂಚು ಕೊಟ್ಟಿದ್ದೇ ಪೋಸ್ಟರ್ ಆಗಲು ಕಾರಣ. ದಿಗಂತದ ಮೇಲೆ ಅರ್ಧ ಇಂಚಿನ ಸೀಳು: ಬಿಳಿಗೆ ಚೂರು ಆಕರ್, ಹಂತ 8. ಕೆಳಗಿನ 3 ಇಂಚು ನೆಲ, ಎಡಗಡೆಯಿಂದ ಮೂರನೇ ಎರಡು ಭಾಗ ಇನ್ನೂ ಬಿಸಿಲಿನಲ್ಲಿರಲಿ, ಹಂತ 6. ಉಳಿದದ್ದರ ಮೇಲೆ ಮೋಡದ ನೆರಳು ಬಂದಾಗಿದೆ, ಹಂತ 4. ಇವೆರಡರ ನಡುವಿನ ಗೆರೆಯೇ ಚಿತ್ರದ ಜೀವ. ಅದನ್ನು ಒಣ ಬ್ರಷ್‌ನಿಂದ ಮೆತ್ತಗೆ ಮಾಡಿ, ನೆರಳು ಇನ್ನೂ ನಡೆಯುತ್ತಿದೆ ಅನ್ನಿಸಬೇಕು. ಮುಂಭಾಗದ ಧೂಳಿನಲ್ಲಿ ಏಳೆಂಟು ಹನಿ ಬಿದ್ದ ಗುರುತು ಸಾಕು, ಹತ್ತಿರದವು ರಾಗಿಕಾಳಿನಷ್ಟು, ದೂರದವು ಚುಕ್ಕೆ, ಎಲ್ಲವೂ ಅಡ್ಡಕ್ಕೆ ಚಪ್ಪಟೆ. ದುಂಡಗೆ ಇಟ್ಟರೆ ನೆಲ ಗೋಡೆಯಂತೆ ಎದ್ದು ನಿಲ್ಲುತ್ತದೆ.

ಮುಂದಿನ ಆರಿದ್ರೆಯ ಚಿತ್ರದಲ್ಲಿ ಮಣ್ಣು ಎರಡು ಹಂತ ಇಳಿಯಲಿ. ಒದ್ದೆ ಮಣ್ಣು ಬೆಳಕನ್ನು ನೀರಿನ ಪೊರೆಯೊಳಗೇ ಹಿಡಿದಿಟ್ಟುಕೊಳ್ಳುವುದರಿಂದ ಕಪ್ಪಾಗಿ, ಗಾಢವಾಗಿ ಕಾಣುತ್ತದೆ. ಈಗ ಅತಿ ಬೆಳಕಿನ ಜಾಗ ಕುಂಟೆಸಾಲಿನಲ್ಲಿ ನಿಂತ ನೀರು. ಹಿಂದಿನ ಚಿತ್ರದಲ್ಲಿ ದಿಗಂತದಲ್ಲಿದ್ದ ಬೆಳಕು ಇಲ್ಲಿ ಕಾಲಬುಡಕ್ಕೆ ಬಂದು ನಿಂತಿದೆ. ನೀವು ಕೇಳುತ್ತಿದ್ದ ಎದೆ ಹಗುರಾಗುವುದು ಈ ಎರಡು ಚಿತ್ರಗಳ ನಡುವಿನ ಜಾಗದಲ್ಲಿ ಆಗಬೇಕು, ಒಂದರೊಳಗೆ ಅಲ್ಲ.

ಮನುಷ್ಯರು ಬೇಡ ಎನ್ನುವುದು ನನ್ನ ಅಭಿಪ್ರಾಯ. ಒಂದು ಚಿತ್ರದಲ್ಲಿ ಮನುಷ್ಯ ಬಂದರೆ ಕಣ್ಣು ಉಳಿದ ಏಳರಲ್ಲೂ ಅವನನ್ನೇ ಹುಡುಕುತ್ತದೆ. ಕುಂಟೆಯ ಗೆರೆ, ಗಾಡಿಯ ಜಾಡು, ಎಳ್ಳಮವಾಸ್ಯೆಯ ಬಿಳಿಜೋಳದ ಹೊಲದಲ್ಲಿ ಚರಗ (ಭೂತಾಯಿಗೆ ಎಡೆ) ಚೆಲ್ಲಲು ನಡೆದವರು ಮಾಡಿದ ಕಾಲುದಾರಿ, ಇಷ್ಟರಲ್ಲೇ ಅವರೆಲ್ಲ ಇದ್ದಾರೆ.

ಮೊಳೆ_ಸುತ್ತಿಗೆ:

ತೂಗುಹಾಕುವಾಗ ಚಿತ್ರದ ನಡುಮಧ್ಯ ನೆಲದಿಂದ 57ರಿಂದ 60 ಇಂಚಿಗೆ ಬರಲಿ. ಚಿತ್ರದಿಂದ ಚಿತ್ರಕ್ಕೆ 5 ಇಂಚು. ಅಕ್ಟೋಬರಿನ ಚಿತ್ರಕ್ಕೆ ಮೊದಲು ಮಾತ್ರ 12 ಇಂಚು ಖಾಲಿ ಗೋಡೆ ಬಿಡಿ. ಟ್ಯೂಬ್‌ಲೈಟ್ ಕೆಳಗೆ ಕಾವಿಯೆಲ್ಲ ಸತ್ತು ಕಾಣಬಹುದು. 3500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಸುಮಾರಿನ, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕೆ ಮೇಲಿನ ಎಲ್‌ಇಡಿ ಕೇಳಿ. ಎರೆಮಣ್ಣಿನ ಹಲಗೆಗೆ ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ, ಬಿರುಕಿಗೆ ಆಳ ಬರುತ್ತದೆ.

ವಾರ್ನಿಶ್ ಬೆಳಿಗ್ಗೆ ಬೇಗ, ನೆಲ ಒರೆಸಿ ಧೂಳು ಕೂತ ಮೇಲೆ. ತೆಳು ಬಣ್ಣಕ್ಕೆ ಮೂರು ದಿನ, ದಪ್ಪ ಹಚ್ಚಿದ್ದಕ್ಕೆ ಮೂರು ವಾರ ಕಾಯಿರಿ.

ಸಾಗಿಸುವಾಗ ಒಂದು ಎಚ್ಚರ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ಮುಚ್ಚಿದ ಟೆಂಪೊದೊಳಗೆ ಬಬಲ್ ರ‍್ಯಾಪ್ ನೇರ ಬಣ್ಣಕ್ಕೆ ತಾಗಿದರೆ ಆಕಾಶದ ತುಂಬ ಉಂಗುರದ ಅಚ್ಚು ಬೀಳುತ್ತದೆ, ಅದು ಹೋಗುವುದಿಲ್ಲ. ಸುದ್ದಿಪತ್ರಿಕೆಯ ಮಸಿಯೂ ಅಂಟುತ್ತದೆ. ನಾಲ್ಕು ಮೂಲೆಗೆ ರಟ್ಟಿನ ಮಡಿಕೆ ಕೊಟ್ಟು, ಬಣ್ಣದ ಮುಖಕ್ಕೆ ಏನೂ ತಾಗದಂತೆ ಎರಡು ಬೆರಳಿನ ಸಂದು ಬಿಟ್ಟು, ಅದರ ಮೇಲೆ ಸುತ್ತಿ. ಎರೆಮಣ್ಣಿನ ಹಲಗೆಯನ್ನು ನಿಲ್ಲಿಸಬೇಡಿ, ಅಂಗಾತ ಮಲಗಿಸಿ ಒಯ್ಯಿರಿ.